ನಿಮಗಿದು ಗೊತ್ತೇ? ಹಳೇ ಸೋಫಾ ಎಸೆಯುವುದಕ್ಕೂ ಕಾನೂನಿದೆ!

ಸೋಫಾ ತರುವಾಗ ಬಣ್ಣ ನೋಡುತ್ತೀರಿ. ಒತ್ತಿ ನೋಡುತ್ತೀರಿ. ಚೌಕಾಸಿ ಮಾಡುತ್ತೀರಿ. ಅದು ಹಳತಾದ ಮೇಲೆ ಎಲ್ಲಿಗೆ ಹಾಕುವುದು ಅಂತ ಅಂಗಡಿಯಲ್ಲಿ ಯಾವತ್ತಾದರೂ ಕೇಳಿದ್ದೀರಾ? ಇಂಗ್ಲೆಂಡಿನಲ್ಲಿ ಕೇಳಲೇಬೇಕು. 2023ರ ಜನವರಿಯಿಂದ ಅಲ್ಲಿ ಮನೆಯ ಹಳೇ ಸೋಫಾವನ್ನು ಕಸದ ಗುಂಡಿಗೆ ಹಾಕುವಂತಿಲ್ಲ. ಬಿಚ್ಚಿ, ಒಳಗಿನ ಸ್ಪಂಜನ್ನು ಇನ್ನೊಂದಕ್ಕೆ ತುಂಬುವಂತೆಯೂ ಇಲ್ಲ. ಪರವಾನಗಿ ಇರುವ ದೊಡ್ಡ ಕುಲುಮೆಯಲ್ಲೇ ಸುಡಬೇಕು!

ಸೋಫಾಕ್ಕೆ ಮಾತ್ರ ಅಂದುಕೊಂಡಿರಾ? ಮೆತ್ತೆ ಇರುವ ಊಟದ ಕುರ್ಚಿ, ಕಾಲು ಚಾಚಿಕೊಳ್ಳುವ ಸ್ಟೂಲು, ಮನೆಯಲ್ಲಿ ಕೂತು ಆಫೀಸು ಕೆಲಸ ಮಾಡುವ ಚಕ್ರದ ಕುರ್ಚಿ, ಮಕ್ಕಳು ಧೊಪ್ಪನೆ ಬೀಳುವ ಬೀನ್ ಬ್ಯಾಗು, ಕೊನೆಗೆ ಸೋಫಾ ಮೇಲಿನ ಪುಟ್ಟ ದಿಂಬು ಕೂಡ ಈ ಪಟ್ಟಿಯಲ್ಲಿದೆ. ಮಲಗುವ ಹಾಸಿಗೆ ಮಾತ್ರ ಇಲ್ಲ. ಕೂರುವುದಕ್ಕೆ ಒಂದು ನಿಯಮ, ಮಲಗುವುದಕ್ಕೆ ಇನ್ನೊಂದು!

ಇನ್ನೂ ಬಿಗಿಯಾದ ಮಾತು ಕೇಳಿ. ಕಸದ ಲಾರಿಯಲ್ಲಿ ಒಂದೇ ಒಂದು ಸೋಫಾ ಹರಿದು, ಅದರ ಸ್ಪಂಜು ಉಳಿದ ಕಸಕ್ಕೆ ಬೆರೆಯಿತು ಅನ್ನಿ. ಆಮೇಲೆ ಆ ಲಾರಿಯ ಕಸವೆಲ್ಲ ಸೋಫಾದ ಲೆಕ್ಕಕ್ಕೇ ಸೇರುತ್ತದೆ. ಪೂರ್ತಿ ಲೋಡು ಕುಲುಮೆಗೆ!

ಚೆನ್ನಾಗಿರುವ ಸೋಫಾವನ್ನು ಯಾರಿಗಾದರೂ ಕೊಡಬಹುದೇ? ಧಾರಾಳವಾಗಿ ಕೊಡಬಹುದು. ಆದರೆ ಅಲ್ಲಿನ ಧರ್ಮಸಂಸ್ಥೆಗಳವರು ಮೊದಲು ಸೋಫಾದ ತಳ ತಡಕುತ್ತಾರೆ. ಅಜಾಗರೂಕತೆಯಿಂದ ಬೆಂಕಿ ಬೀಳುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದ ಬಟ್ಟೆಯ ಚೀಟಿಯೊಂದು ಅಲ್ಲಿ ಹೊಲಿದಿರಬೇಕು. ಚೀಟಿ ಕತ್ತರಿಸಿ ಎಸೆದುಬಿಟ್ಟಿದ್ದರೆ ದಾನ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ! ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಮಗ, ಸೊಸೆ ಇದ್ದರೆ ಈ ಸಲ ಫೋನಿನಲ್ಲಿ ಆ ಚೀಟಿಯ ವಿಷಯ ವಿಚಾರಿಸಿ.

ಈ ಚೀಟಿಯ ಹಿಂದೆ ಒಂದು ದುರಂತವಿದೆ. 1979ರ ಮೇ 8. ಮ್ಯಾಂಚೆಸ್ಟರಿನ ವೂಲ್‌ವರ್ತ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಸೋಫಾ, ಕುರ್ಚಿ ಜೋಡಿಸಿಟ್ಟ ವಿಭಾಗದಲ್ಲೇ ಬೆಂಕಿ ಹತ್ತಿಕೊಂಡಿತು. 10 ಜನ ತೀರಿಕೊಂಡರು. ಸ್ಪಂಜು ಎಷ್ಟು ಬೇಗ ಉರಿಯುತ್ತದೆ, ಅದರ ಹೊಗೆ ಎಷ್ಟು ಕೆಟ್ಟದ್ದು ಎಂದು ಅಲ್ಲಿನ ಸರ್ಕಾರ ಬೆಚ್ಚಿತು. 1988ರಲ್ಲಿ ಕಟ್ಟುನಿಟ್ಟಿನ ಕಾಯ್ದೆ ಬಂತು. ಸಿಗರೇಟಿನ ಕಿಡಿಗೂ ಬೆಂಕಿಕಡ್ಡಿಯ ಉರಿಗೂ ಸೋಫಾ ಜಗ್ಗಬಾರದು!

ಎಷ್ಟು ಬೇಗ ಉರಿಯುತ್ತದೆ ಅಂತೀರಾ? ಅಮೆರಿಕದ ಯುಎಲ್ ಎಂಬ ಪರೀಕ್ಷಾ ಸಂಸ್ಥೆ ಎರಡು ಕೋಣೆಗಳನ್ನು ಅಣಿ ಮಾಡಿ ಬೆಂಕಿ ಹಚ್ಚಿ ನೋಡಿತು. ಒಂದರಲ್ಲಿ ಹಳೇ ಕಾಲದ ಮರ, ಹತ್ತಿಯ ಸಾಮಾನು. ಇನ್ನೊಂದರಲ್ಲಿ ಈಗಿನ ಸ್ಪಂಜಿನ ಸೋಫಾ, ಪಾಲಿಯೆಸ್ಟರ್ ಬಟ್ಟೆ. ಹಳೇ ಕೋಣೆ ಪೂರ್ತಿ ಹೊತ್ತಿ ಉರಿಯಲು ಹೆಚ್ಚು ಕಡಿಮೆ ಅರ್ಧ ಗಂಟೆ ಬೇಕಾಯಿತು. ಈಗಿನ ಕೋಣೆಗೆ 5 ನಿಮಿಷವೂ ಬೇಕಾಗಲಿಲ್ಲ!

ಬೆಂಕಿಗೆ ಜಗ್ಗದಿರಲಿ ಎಂದು ಕಂಪನಿಗಳು ಸ್ಪಂಜಿಗೂ ಬಟ್ಟೆಗೂ ಬ್ರೋಮಿನ್ ಇರುವ ರಾಸಾಯನಿಕ ಸೇರಿಸಿದವು. ಎಡವಟ್ಟಾಗಿದ್ದು ಇಲ್ಲೇ. ಇಂಥವುಗಳಲ್ಲಿ ಹಲವು ಸ್ಪಂಜಿಗೆ ಗಟ್ಟಿಯಾಗಿ ಅಂಟಿ ಕೂರುವುದಿಲ್ಲ. ನೀವು ಕೂತು ಎದ್ದಾಗಲೆಲ್ಲ ಇಷ್ಟಿಷ್ಟೇ ಉದುರಿ ಮನೆಯ ಧೂಳಿಗೆ ಸೇರುತ್ತವೆ. ಮಣ್ಣಿನಲ್ಲಿ ಬೇಗ ಕರಗುವುದಿಲ್ಲ. ದೇಹದ ಕೊಬ್ಬಿನಲ್ಲಿ ಕೂರುತ್ತವೆ. ಗಾಳಿ, ನೀರು ಹಿಡಿದು ಉತ್ತರ ಧ್ರುವದ ಹಿಮಕರಡಿಯ ಮೈಯಲ್ಲೂ ಸಿಕ್ಕಿವೆ. ಸೋಫಾ ಕಂಡೇ ಇರದ ಪ್ರಾಣಿ ಅದು!

ಮನೆಯ ಧೂಳಿನ ಈ ಕಥೆಯನ್ನು ಸಾರಿ ಹೇಳಿದ್ದು ಯಾರು ಗೊತ್ತೇ? ಬೆಕ್ಕು! ಅಮೆರಿಕದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಬೆಕ್ಕುಗಳ ರಕ್ತದಲ್ಲಿ ಈ ರಾಸಾಯನಿಕ ಅಲ್ಲಿನ ಮನುಷ್ಯರಿಗಿಂತ 20ರಿಂದ 100 ಪಟ್ಟು ಹೆಚ್ಚಿತ್ತು. ಬೆಕ್ಕು ದಿನವಿಡೀ ಸೋಫಾದ ಮೇಲೆ ಹೊರಳುತ್ತದೆ. ಮೈಗೆ ಅಂಟಿದ ಧೂಳನ್ನೆಲ್ಲ ನೆಕ್ಕಿ ನೆಕ್ಕಿ ನುಂಗುತ್ತದೆ!

ಇನ್ನು ಸ್ವೀಡನ್. ಅಲ್ಲಿನವರು ವರ್ಷವರ್ಷವೂ ತಾಯಂದಿರ ಎದೆಹಾಲಿನ ಮಾದರಿ ಕೂಡಿಡುತ್ತಾ ಬಂದಿದ್ದರು. 1972ರಿಂದ 1997ರವರೆಗಿನ ಹಾಲನ್ನು ಪರೀಕ್ಷಿಸಿದಾಗ ಎದೆ ಝಲ್ಲೆನ್ನುವ ವಿಷಯ ಕಂಡಿತು. ಈ ಬ್ರೋಮಿನ್ ವಸ್ತು ಪ್ರತಿ 5 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗಿತ್ತು. ಕಂದನಿಗೆ ಕೊಡುವ ಹಾಲಿನಲ್ಲಿ! ಸಂತೋಷದ ಸುದ್ದಿಯೂ ಇದೆ. ಬಳಕೆಗೆ ಕಡಿವಾಣ ಬಿದ್ದ ಮೇಲೆ ಅದೇ ಸ್ವೀಡನ್ನಿನಲ್ಲಿ ಪ್ರಮಾಣ ಇಳಿಯುತ್ತಾ ಬಂತು.

ಇಂಥ ಬ್ರೋಮಿನ್ ಪುಡಿಯ ಚೀಲಗಳು ಅದಲುಬದಲಾಗಿ ಸಾವಿರಾರು ದನಗಳು ಹೋದ ಕಥೆ ಗೊತ್ತೇ? 1973ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಒಂದೇ ಕಾರ್ಖಾನೆ ದನಗಳ ಮೇವಿಗೆ ಹಾಕುವ ನ್ಯೂಟ್ರಿಮಾಸ್ಟರ್ ಎಂಬ ಪುಡಿಯನ್ನೂ, ಬೆಂಕಿ ತಡೆಯುವ ಫೈರ್‌ಮಾಸ್ಟರ್ ಎಂಬ ಪುಡಿಯನ್ನೂ ಮಾಡುತ್ತಿತ್ತು. ಎರಡನೆಯದರ ಚೀಲಗಳು ಮೊದಲನೆಯದರ ಜಾಗಕ್ಕೆ ಹೋದವು. ದನ ತಿಂದವು. ಹಾಲು, ಮಾಂಸ, ಮೊಟ್ಟೆಯಲ್ಲಿ ಜನರೂ ತಿಂದರು. ಸುಮಾರು 30,000 ದನಗಳನ್ನು ಕೊಂದು ಹೂಳಬೇಕಾಯಿತು!

ಅದೇ ಪುಡಿಯಲ್ಲಿದ್ದ ಹೆಕ್ಸಾಬ್ರೋಮೋಬೈಫಿನೈಲ್ ನಮ್ಮ ದೇಶದಲ್ಲೂ ನಿಷೇಧವಾಗಿದೆ, ಗೊತ್ತೇ? ಇಂಥ ಹಠಮಾರಿ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದ 2001ರದ್ದು. ಭಾರತ 2006ರಲ್ಲಿ ಅದಕ್ಕೆ ಸೇರಿತು. 2018ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಯಮ ಹೊರಡಿಸಿ 7 ರಾಸಾಯನಿಕಗಳ ತಯಾರಿಕೆ, ಮಾರಾಟ, ಬಳಕೆ, ಆಮದು, ರಫ್ತು ಎಲ್ಲವನ್ನೂ ನಿಲ್ಲಿಸಿತು. ಸ್ಪಂಜಿಗೆ ಬೆರೆಸುತ್ತಿದ್ದ ಪೆಂಟಾ ಗುಂಪಿನ ಬ್ರೋಮಿನ್ ವಸ್ತುವೂ ಆ ಪಟ್ಟಿಯಲ್ಲಿದೆ!

ಕ್ಯಾಲಿಫೋರ್ನಿಯಾದವರದ್ದು ಇನ್ನೊಂದು ಬೆರಗು. ಸೋಫಾ ಬೆಂಕಿಗೆ ಜಗ್ಗಬಾರದು ಎಂದು 1975ರಲ್ಲಿ ಮಾನದಂಡ ತಂದು, ಇಡೀ ಅಮೆರಿಕದ ಸೋಫಾಗಳಿಗೆ ಈ ರಾಸಾಯನಿಕ ಹೊಕ್ಕುವಂತೆ ಮಾಡಿದ್ದು ಆ ರಾಜ್ಯ. ಹೊಸ ಸೋಫಾಗಳಲ್ಲಿ ಅದು ಇರಲೇಬಾರದು ಎಂದು 2020ರ ಜನವರಿಯಿಂದ ಕಟ್ಟಪ್ಪಣೆ ಮಾಡಿದ್ದೂ ಅದೇ ರಾಜ್ಯ! ಬ್ರಿಟನ್ ಕೂಡ 2025ರ ಅಕ್ಟೋಬರ್‌ನಲ್ಲಿ ಎಳೆ ಮಕ್ಕಳ ತಳ್ಳುಗಾಡಿಯಂಥ ಹಲವು ಸಾಮಾನಿಗೆ ಹಳೇ ಬೆಂಕಿ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು.

ಸರಿ, ಈಗ ನಮ್ಮ ಕಡೆಗೆ ಬನ್ನಿ. ತೋವಿನಕೆರೆ, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ಹಳೇ ಹಾಸಿಗೆ, ಸೋಫಾ ಏನಾಗುತ್ತದೆ? ಒಂದಷ್ಟು ದಿನ ಜಗುಲಿ ಮೇಲೆ. ಆಮೇಲೆ ಹಿತ್ತಲಿಗೆ. ಮಳೆಯಲ್ಲಿ ನೆನೆದ ಮೇಲೆ ಊರಾಚೆಗೆ. ಅಲ್ಲಿ ಯಾರೋ ಒಬ್ಬರು ಕಡ್ಡಿ ಗೀರುತ್ತಾರೆ. ದಯವಿಟ್ಟು ಅದೊಂದು ಬೇಡ! ಬ್ರೋಮಿನ್ ಇಲ್ಲದ ಬರೀ ಸ್ಪಂಜು ಉರಿದರೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದರ ಜೊತೆ ಹೈಡ್ರೋಜನ್ ಸಯನೈಡ್ ಕೂಡ. ಹೌದು, ಸಯನೈಡ್! ಮೇಲಿನ ರೆಕ್ಸಿನ್ ಪಿವಿಸಿಯದ್ದಾದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯೂ ಸೇರಿಕೊಳ್ಳುತ್ತದೆ.

ಹಾಗೆ ಬಯಲಲ್ಲಿ ಕಸ ಸುಟ್ಟರೆ ದಂಡ ಎಷ್ಟು ಗೊತ್ತೇ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಹೇಳಿದ್ದು: ಸಣ್ಣಪುಟ್ಟದ್ದಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ! ಆ ಮೊಕದ್ದಮೆ ಹೂಡಿದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್. 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಅವರು. ದೇಶದ ಕಸದ ನಿಯಮಗಳು 2000ನೇ ಇಸವಿಯಲ್ಲಿ ಬಂದಿದ್ದರ ಹಿಂದೆ ಇರುವುದು ಈ ಹೆಣ್ಣುಮಗಳ ಛಲ!

ಇಂಗ್ಲೆಂಡಿನವರು ಕುಲುಮೆಯಲ್ಲಿ ಸುಡುತ್ತಾರಲ್ಲ, ನಾವು ಹಿತ್ತಲಲ್ಲಿ ಸುಟ್ಟರೇನು ಅಂತೀರಾ? ಶಾಖದಲ್ಲಿ ವ್ಯತ್ಯಾಸವಿದೆ ಸ್ವಾಮಿ. ಹಿತ್ತಲ ಬೆಂಕಿ ಅರೆಬರೆ ಉರಿದು ಹೊಗೆ ಕಾರುತ್ತದೆ. ಸಿಮೆಂಟು ಮಾಡುವ ಕುಲುಮೆಯ ಒಳಗೆ ಸುಣ್ಣಕಲ್ಲು ಕಾಯುವುದೇ 1,450 ಡಿಗ್ರಿಯಲ್ಲಿ. ಅಷ್ಟು ಶಾಖಕ್ಕೆ ವಿಷದ ಕಣಗಳೂ ಮುರಿದು ಬೀಳುತ್ತವೆ!

ಹಾಸಿಗೆ ಸುಡುವುದು ಎಷ್ಟು ಹಳೇ ಪದ್ಧತಿ ಗೊತ್ತೇ? ಕೂತಿದ್ದರೆ ಗಟ್ಟಿಯಾಗಿ ಕೂತುಕೊಳ್ಳಿ. ದಕ್ಷಿಣ ಆಫ್ರಿಕಾದ ಸಿಬುಡು ಎಂಬ ಗುಹೆಯಂಥ ತಾಣದಲ್ಲಿ 77,000 ವರ್ಷ ಹಿಂದಿನ ಹಾಸಿಗೆ ಸಿಕ್ಕಿದೆ. ಜೊಂಡು ಹುಲ್ಲಿನ ಹಾಸು, ಅದರ ಮೇಲೆ ಸೊಳ್ಳೆ, ಹುಳ ಓಡಿಸುವ ಒಂದು ಮರದ ಎಲೆ! ಸುಮಾರು 73,000 ವರ್ಷಗಳ ಹಿಂದಿನಿಂದ ಅಲ್ಲಿನವರು ಹಳೇ ಹಾಸಿಗೆಯನ್ನು ಆಗಾಗ ಸುಟ್ಟು ಅದರ ಮೇಲೇ ಹೊಸತು ಹಾಸುತ್ತಿದ್ದರು. ಹುಳುಹುಪ್ಪಟೆಯ ಕಾಟ ತಪ್ಪಿಸಿಕೊಳ್ಳಲು ಇರಬೇಕು ಅನ್ನುತ್ತಾರೆ ಸಂಶೋಧಕರು. ನಮ್ಮಜ್ಜಿಯರು ಬೇವಿನ ಸೊಪ್ಪು ಬಳಸಿದ ಹಾಗೇ ಅಲ್ಲವೇ?

ಅಜ್ಜಿಯರ ಕಾಲದ ಮಾತು ಬಂತು. ಆಗ ನಮ್ಮ ಸೀಮೆಯಲ್ಲಿ ಎಸೆಯಲಾಗದ ಹಾಸಿಗೆ ಅನ್ನುವುದೇ ಇರಲಿಲ್ಲ! ಈಚಲು ಗರಿಯ ಚಾಪೆ ಸವೆದರೆ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಮಂಚದ ಕತ್ತಾಳೆ ಹಗ್ಗ ಹರಿದರೆ ಹೊಸ ಹಗ್ಗ ಹೆಣೆದರಾಯಿತು. ಹಳೇ ಸೀರೆ, ಪಂಚೆ ಎಲ್ಲ ಒಂದರ ಮೇಲೊಂದು ಕೂತು ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಮೇಲೆ ಇನ್ನೊಂದು ಪದರ!

ಹತ್ತಿಯ ಹಾಸಿಗೆಯನ್ನು ರಿಪೇರಿ ಮಾಡುವುದನ್ನು ಕಣ್ಣಾರೆ ನೋಡಿದ್ದೀರಾ? ಪಿಂಜಾರರು, ನದಾಫರು ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತು ಊರಿಗೆ ಬರುತ್ತಿದ್ದರು. ಹಾಸಿಗೆಯ ಹೊಲಿಗೆ ಬಿಚ್ಚಿ, ಕಲ್ಲಿನಂತೆ ಗಂಟುಗಟ್ಟಿದ ಹತ್ತಿಯನ್ನು ಜಗುಲಿ ಮೇಲೆ ಸುರಿಯುತ್ತಿದ್ದರು. ಬಿಲ್ಲಿನ ಹುರಿಯನ್ನು ಹತ್ತಿಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಟಂಯ್, ಟಂಯ್ ಅಂತ ಬೀದಿಗೆಲ್ಲ ಕೇಳುತ್ತಿತ್ತು. ಹುರಿ ಅದುರಿದಂತೆ ಗಂಟು ಬಿಚ್ಚಿ, ಎಳೆ ಎಳೆ ಹಾರಿ, ಧೂಳು ಒಂದು ಕಡೆ, ಹತ್ತಿ ಒಂದು ಕಡೆ. ಮೊಣಕಾಲೆತ್ತರದ ರಾಶಿ ನೋಡುನೋಡುತ್ತಲೇ ಸೊಂಟದೆತ್ತರ! ಒಗೆದ ಚೀಲಕ್ಕೆ ಅದನ್ನೇ ತುಂಬಿ ಹೊಲಿದರೆ ಹಾಸಿಗೆ ಹೊಸತು. ಹೊಸ ಹತ್ತಿ ಒಂದು ಹಿಡಿಯೂ ಬೇಕಿರಲಿಲ್ಲ. ಈಗ ಇಂಗ್ಲೆಂಡಿನ ಕಾನೂನು ಹಳೇ ಸ್ಪಂಜನ್ನು ಮರುಬಳಸಬೇಡಿ ಅನ್ನುತ್ತಿದೆ. ನಮ್ಮ ಪಿಂಜಾರರ ಕಸುಬೇ ಮರುಬಳಕೆಯದ್ದಾಗಿತ್ತು! ಈಗ ಬಿಲ್ಲಿನ ಸದ್ದು ಅಪರೂಪ. ಪಟ್ಟಣಗಳಲ್ಲಿ ಹತ್ತಿ ಹಿಂಜುವ ಮೆಷಿನ್ನುಗಳಿವೆ, ಹಳೇ ಹಾಸಿಗೆ ಅಲ್ಲಿಗೆ ಒಯ್ದು ನೋಡಿ.

ಬೂರುಗದ ಹತ್ತಿ ತುಂಬಿದ ದಿಂಬು ಮನೆಯಲ್ಲಿದೆಯೇ? ಅದು ನೀರಿನಲ್ಲಿ ಸುಲಭವಾಗಿ ಮುಳುಗುವುದಿಲ್ಲ! ಬಿಳಿ ಬೂರುಗದ ಎಳೆಯೊಳಗೆ ಬರೀ ಟೊಳ್ಳು, ಮೇಲೆ ಮೇಣದ ಲೇಪ. ಹಾಗಾಗಿ ಎರಡನೇ ಮಹಾಯುದ್ಧದವರೆಗೂ ಹಡಗಿನವರ ಜೀವರಕ್ಷಕ ಜಾಕೆಟ್ಟಿಗೆ ಇದನ್ನೇ ತುಂಬುತ್ತಿದ್ದರು. ಆದರೆ ದೀಪದ ಹತ್ತಿರ ಇಡಬೇಡಿ. ಬೆಂಕಿ ತಾಗಿದರೆ ಭುಗ್ಗೆನ್ನುತ್ತದೆ!

ಬೆಂಕಿಗೆ ಜಗ್ಗದ ಹೊದಿಕೆ ಬೇಕೇ? ಶಿರಾ, ಪಾವಗಡದ ಕುರಿ ಹಟ್ಟಿಯಲ್ಲೇ ಇದೆ. ಕರೀ ಕಂಬಳಿ! ಹತ್ತಿಗೆ ಸುಮಾರು 255 ಡಿಗ್ರಿ ಸೆಲ್ಸಿಯಸ್‌ಗೆ ಬೆಂಕಿ ಹತ್ತಿದರೆ, ಉಣ್ಣೆಗೆ 570 ಡಿಗ್ರಿಯೂ ದಾಟಬೇಕು. ಹತ್ತಿದರೂ ಸುಲಭವಾಗಿ ಹರಡುವುದಿಲ್ಲ, ಕರಿಕಟ್ಟಿ ತಾನೇ ಆರುತ್ತದೆ. ಪ್ರಯೋಗಶಾಲೆಗಳಲ್ಲಿ ಬ್ರೋಮಿನ್ ಬೆರೆಸಿ ಏನನ್ನು ಸಾಧಿಸಲು ಹೊರಟರೋ ಅದು ಕುರಿಯ ಮೈಮೇಲೆ ತಾನಾಗೇ ಬೆಳೆಯುತ್ತಿತ್ತು! ನಮ್ಮ ಕಡೆಯ ಕುರಿಗಾಹಿ ಕಂಬಳಿ ಹೊದ್ದು ಬೆಂಕಿಯ ಪಕ್ಕ ನಿಶ್ಚಿಂತೆಯಿಂದ ಮಲಗುವುದನ್ನು ನೋಡಿದಾಗೆಲ್ಲ ನನಗೆ ಈ ಅಂಕಿಗಳು ನೆನಪಾಗುತ್ತವೆ.

ನಮ್ಮದು ಕಲ್ಪತರು ನಾಡು. ಹಾಸಿಗೆಯ ಒಳಗೂ ತೆಂಗು ಇರದಿದ್ದೀತೇ? ತೆಂಗಿನ ನಾರನ್ನು ಸುರುಳಿ ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದರೆ ನಾರಿನ ಹಾಸಿಗೆ. ಇದನ್ನು ಮನೆಮನೆಗೆ ಮುಟ್ಟಿಸಿದ ಕರ್ಲಾನ್ ನಮ್ಮ ಕರ್ನಾಟಕದ್ದೇ, ಗೊತ್ತೇ? 1962ರಲ್ಲಿ ಮಣಿಪಾಲದ ಪೈ ಮನೆತನದವರು ಶುರು ಮಾಡಿದ್ದು. 2023ರಲ್ಲಿ ಸ್ಲೀಪ್‌ವೆಲ್ ಹಾಸಿಗೆಯ ಶೀಲಾ ಫೋಮ್ ಅದನ್ನು ಕೊಂಡಿತು. ನಾರಿನವರನ್ನು ಸ್ಪಂಜಿನವರೇ ಕೊಂಡರು!

ಆ ಸ್ಪಂಜು ಹುಟ್ಟಿದ್ದು ಯಾವಾಗ? ಅದರ ಮೂಲವಾದ ಪಾಲಿಯುರೆಥೇನನ್ನು ಜರ್ಮನಿಯ ಒಟ್ಟೊ ಬೇಯರ್ ತಂಡದವರು 1937ರಲ್ಲಿ ಕಂಡುಹಿಡಿದರು. ಕಚ್ಚಾ ಎಣ್ಣೆಯಿಂದ ಬಂದ ವಸ್ತು. ಇನ್ನೊಂದು ಗುಟ್ಟು: ಸೋಫಾ ಸ್ಪಂಜಿನ ಗಾತ್ರದಲ್ಲಿ ಹೆಚ್ಚುಕಡಿಮೆ ಪೂರ್ತಿ ಗಾಳಿಯೇ! ಒಂದು ಮೀಟರ್ ಉದ್ದ, ಅಗಲ, ಎತ್ತರದ ದಿಮ್ಮಿಯನ್ನು ತೂಗಿದರೂ ಸಾಮಾನ್ಯವಾಗಿ 20ರಿಂದ 40 ಕಿಲೋ. ಗುಜರಿಯವರು ಮುಟ್ಟದಿರುವುದು ಇದಕ್ಕೇ. ಗಾಡಿ ತುಂಬುತ್ತದೆ, ತಕ್ಕಡಿ ಏಳುವುದಿಲ್ಲ!

ಆದರೂ ಸ್ಪಂಜಿನ ಚೂರಿಗೆ ಎರಡನೇ ಜನ್ಮವಿದೆ. ಕಾರ್ಖಾನೆಯಲ್ಲಿ ಮಿಕ್ಕ ಚೂರುಗಳನ್ನು ಪುಡಿ ಮಾಡಿ, ಅಂಟು ಹಾಕಿ ಒತ್ತಿದರೆ ರಿಬಾಂಡೆಡ್ ಫೋಮ್. ಅಂಗಡಿಯಲ್ಲಿ ಗಟ್ಟಿ ಹಾಸಿಗೆ ತೋರಿಸಿದರೆ ಅದರ ಜಿಪ್ಪು ಸರಿಸಿ ನೋಡಿ. ಗುಲಾಬಿ, ಹಸಿರು, ಬಿಳಿ, ಹಳದಿ ಚೂರುಗಳು ಒತ್ತೊತ್ತಾಗಿ ಕೂತಿರುತ್ತವೆ. ಅಮೆರಿಕದಲ್ಲಿ ಹೀಗೇ ಹಳೇ ಸ್ಪಂಜು ರತ್ನಗಂಬಳಿಯ ಅಡಿಯ ಮೆತ್ತೆಯಾಯಿತು, ಹಳೇ ಬ್ರೋಮಿನ್ ಕೂಡ ಅದರ ಜೊತೆಗೇ ಹೊಸ ಮನೆಗಳಿಗೆ ಹೋಯಿತು! ಇಂಗ್ಲೆಂಡಿನವರು ಮರುಬಳಕೆ ಬೇಡ ಎಂದಿದ್ದು ಯಾಕೆ ಎಂದು ಈಗ ಹೊಳೆಯಿತೇ?

ಹಳೇ ಸೋಫಾ ಎಸೆಯುವುದನ್ನು ಬೇರೆ ದೇಶದವರು ಹೇಗೆ ನಿಭಾಯಿಸುತ್ತಾರೆ? ಜಪಾನಿನ ಟೋಕಿಯೊದಲ್ಲಿ ಯಾವ ಕಡೆಯಿಂದಾದರೂ 30 ಸೆಂಟಿಮೀಟರ್ ಮೀರಿದ ಸಾಮಾನು ದೊಡ್ಡ ಕಸದ ಲೆಕ್ಕ. ಎಸೆಯಬೇಕಾದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಚೀಟಿ ಕೊಂಡು, ಸೋಫಾಕ್ಕೆ ಅಂಟಿಸಿ, ಹೇಳಿದ ದಿನವೇ ಹೊರಗಿಡಬೇಕು! ಫ್ರಾನ್ಸಿನಲ್ಲಿ ಇನ್ನೂ ಜಾಣತನ. 2013ರಿಂದ ಅಲ್ಲಿ ಹೊಸ ಸೋಫಾ ಕೊಳ್ಳುವಾಗಲೇ ಅದನ್ನು ಮುಂದೊಂದು ದಿನ ವಿಲೇವಾರಿ ಮಾಡುವ ಖರ್ಚನ್ನೂ ಬೆಲೆಯಲ್ಲಿ ಸೇರಿಸಿ ಕಟ್ಟಿಸಿಕೊಳ್ಳುತ್ತಾರೆ. ನಮ್ಮಲ್ಲೂ ಹೀಗೇ ಆದರೆ ಎಷ್ಟು ಚೆಂದ!

ನಮ್ಮ ಪಕ್ಕದವರೇನು ಕಡಿಮೆಯೇ? ಚೆನ್ನೈ ಮಹಾನಗರ ಪಾಲಿಕೆ 2025ರ ಅಕ್ಟೋಬರ್‌ನಿಂದ ಶನಿವಾರಗಳಂದು ಹಳೇ ಸೋಫಾ, ಹಾಸಿಗೆ, ದಿಂಬುಗಳನ್ನು ಮನೆ ಬಾಗಿಲಿಗೇ ಬಂದು ಒಯ್ಯತೊಡಗಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲೂ ಘನತ್ಯಾಜ್ಯ ನಿರ್ವಹಣೆಯವರು ಇಂಥ ದೊಡ್ಡ ಸಾಮಾನು ಒಯ್ಯುವ ಕೆಲಸಕ್ಕೆ ಕೈ ಹಾಕಿದರು. ರಾಜಕಾಲುವೆಯಿಂದ ಹಾಸಿಗೆ ಎಳೆದು ತೆಗೆಯುವುದಕ್ಕಿಂತ ಮನೆ ಬಾಗಿಲಿನಿಂದ ಎತ್ತಿಕೊಂಡು ಹೋಗುವುದು ಎಷ್ಟೋ ಸಲೀಸು! ಬೆಂಗಳೂರಿನಲ್ಲಿರುವ ನಿಮ್ಮ ನೆಂಟರಿಗೆ ಹೇಳಿ.

ಇನ್ನು ಹೊಚ್ಚ ಹೊಸ ಸುದ್ದಿ. ದೇಶದ ಹೊಸ ಘನತ್ಯಾಜ್ಯ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿ. ಕಸ ಇನ್ನು ಎರಡಲ್ಲ, ಮೂರಲ್ಲ, ನಾಲ್ಕು ಭಾಗ! ಹಸಿ ಕಸ, ಒಣ ಕಸ, ನೈರ್ಮಲ್ಯದ ಕಸ, ವಿಶೇಷ ಎಚ್ಚರಿಕೆಯ ಕಸ. ಮರ, ರಬ್ಬರ್, ಕಬ್ಬಿಣ, ಪ್ಲಾಸ್ಟಿಕ್ ಎಲ್ಲ ಒಣ ಕಸಕ್ಕೆ. ಮರುಬಳಸಲಾಗದ, ಆದರೆ ಉರಿಯುವ ಕಸ ಸಿಮೆಂಟು ಕುಲುಮೆಯಂಥ ಕಡೆಗೆ ಇಂಧನವಾಗಿ ಹೋಗಬೇಕು. ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಇಂಥದ್ದರ ಪಾಲನ್ನು ಶೇಕಡಾ 5ರಿಂದ ಶುರು ಮಾಡಿ 6 ವರ್ಷದಲ್ಲಿ ಶೇಕಡಾ 15ಕ್ಕೆ ಏರಿಸಬೇಕು!

ಹಳ್ಳಿಗೆ ಇದೆಲ್ಲ ಎಲ್ಲಿಂದ ಬರಬೇಕು ಅನ್ನಬೇಡಿ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಓಡುವುದನ್ನು ನೋಡಿದ್ದೀರಲ್ಲ? ಎಷ್ಟೋ ಕಡೆ ಅದರ ಸ್ಟೀರಿಂಗ್ ಹಿಡಿದವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು! ಒಣ ಕಸ ಅಲ್ಲಿಂದ ಕಸ ವಿಂಗಡಿಸುವ ಸ್ವಚ್ಛ ಸಂಕೀರ್ಣಕ್ಕೆ ಹೋಗುತ್ತದೆ. ಆ ಪುಟ್ಟ ಗಾಡಿಗೆ ಮೂರು ಜನ ಕೂರುವ ಸೋಫಾ ಏರಿಸಿದರೆ ಬೇರೆ ಕಸಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ಪಂಚಾಯಿತಿಯಲ್ಲಿ ಮೊದಲೇ ಹೇಳಿ ದಿನ ಗೊತ್ತು ಮಾಡಿಕೊಳ್ಳಿ.

ಅದಕ್ಕೂ ಮೊದಲು ಸೋಫಾವನ್ನು ಬೋರಲು ಹಾಕಿ ಒಂದು ಸಲ ನೋಡಿ. ತಳದ ಕಪ್ಪು ಬಟ್ಟೆ ಕಿತ್ತರೆ ಮೊದಲು ಸಿಗುವುದು ನಾಣ್ಯ, ಪೆನ್ನು, ಮಕ್ಕಳ ಗೋಲಿ! ಆಮೇಲೆ ಸೆಣಬಿನ ಪಟ್ಟಿ, ಹಾವಿನಂತೆ ಬಳುಕುವ ಉಕ್ಕಿನ ಸ್ಪ್ರಿಂಗು, ಮೊಳೆ ಹೊಡೆದ ಮರದ ಚೌಕಟ್ಟು. ಸ್ಪ್ರಿಂಗನ್ನು ಗುಜರಿಯವರು ಕಬ್ಬಿಣದ ತೂಕಕ್ಕೆ ಕೊಳ್ಳುತ್ತಾರೆ. ಮರ ಗಟ್ಟಿಯಿದ್ದರೆ ಬಡಗಿ ಇನ್ನೊಂದಕ್ಕೆ ಹಾಕುತ್ತಾನೆ. ಸ್ಪಂಜನ್ನು ಬೆರಳಲ್ಲಿ ಒತ್ತಿ: ಪುಟಿದೆದ್ದರೆ ಹೊಸ ಬಟ್ಟೆ ಹೊಲಿಸಿ ಇನ್ನಷ್ಟು ವರ್ಷ ಕೂರಬಹುದು. ಹಳದಿಗಟ್ಟಿ, ರವೆಯಂತೆ ಉದುರಿ ಕೈಗೆ ಅಂಟಿದರೆ ಅದರ ಆಯಸ್ಸು ಮುಗಿದಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚೀಲಕ್ಕೆ ತುಂಬಿ, ಬಾಯಿ ಬಿಗಿದು ಗಾಡಿಗೆ ಕೊಡಿ, ಕೈ ತೊಳೆದುಕೊಳ್ಳಿ. ಬೆಕ್ಕನ್ನು ಮಾತ್ರ ಆ ಹೊತ್ತು ಹೊರಗೆ ಬಿಡಿ!